ಒಂದಕ್ಕೆ ಹೋಗ್ಲಾ, ಅಕ್ಕೋರೆ?

ನಮ್ಮಲ್ಲಿ ಮೂತ್ರಕ್ಕೆ ಹೆಸರಿಗಿಂತ ನಂಬರೇ ಹೆಚ್ಚು ಬಳಕೆ. ಮಗು ಮನೆಯೊಳಗೆ ‘ಉಚ್ಚೆ’ ಅಂದರೆ ನಗ್ತೀವಿ, ನೆಂಟರೆದುರು ಅಂದರೆ ಕಣ್ಣು ಬಿಡ್ತೀವಿ. ಶಾಲೆಗೆ ಸೇರಿಸುವ ಮೊದಲು ಅ ಆ ಇ ಈ ಕಲಿಸ್ತೀವೋ ಇಲ್ವೋ, ‘ಒಂದಕ್ಕೆ’, ‘ಎರಡಕ್ಕೆ’ ಅನ್ನೋದನ್ನಂತೂ ಕಲಿಸಿಯೇ ಕಳಿಸ್ತೀವಿ. ನಮ್ಮ ಹೊನ್ನಾವರ, ಕುಮಟಾ ಕಡೆಯ ಕನ್ನಡ ಶಾಲೆಗಳಲ್ಲಿ ಮಾಸ್ತರರು ‘ಸರ್’ ಆಗುವ ಮೊದಲು, ಅಕ್ಕೋರು ‘ಮಿಸ್’ ಆಗುವ ಮೊದಲು, ದಿನಕ್ಕೆ ಹತ್ತಾರು ಸಲ ಕೇಳಿಬರುತ್ತಿದ್ದ ವಾಕ್ಯ ಇದು: ಕಿರುಬೆರಳು ಎತ್ತಿ, “ಒಂದಕ್ಕೆ ಹೋಗ್ಲಾ, ಅಕ್ಕೋರೆ?”

ಈ ಪ್ರಶ್ನೆ ಬಿದ್ದ ಮೇಲೆ ಉತ್ತರ ಬರುವ ಮೊದಲು ಅರ್ಧ ಸೆಕೆಂಡಿನಷ್ಟು ಬಿಡುವು ಇರುತ್ತದೆ. ಅಷ್ಟರಲ್ಲಿ ಅಕ್ಕೋರು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ‘ಇವನಿಗೆ ನಿಜವಾಗಿ ಬಂದಿದೆ’, ಅಥವಾ ‘ಇದು ನೆಪ’. ನೆಪ ಅಂತ ಅನಿಸಿದರೆ ಉತ್ತರ ಎಲ್ಲರಿಗೂ ಗೊತ್ತಿರುವಂಥದ್ದೇ: “ಈಗಷ್ಟೇ ಬೆಲ್ ಆಗಿತ್ತಲ್ಲ, ಕೂತ್ಕೋ.” ಒಬ್ಬರ ಮೈಯೊಳಗೆ ಏನಾಗುತ್ತಿದೆ ಅನ್ನೋದನ್ನು ಇನ್ನೊಬ್ಬರು ಹೊರಗೆ ಕೂತು ನಿರ್ಧರಿಸಿ ಆಯಿತು. ತಪ್ಪಾಗಿದ್ದರೆ ಅದರ ಬೆಲೆ ಕೊಡುವುದು ಮಾತ್ರ ಆ ಮೈ.

ಮಕ್ಕಳ ಮೂತ್ರನಾಳದ ಸೋಂಕಿನ ಬಗ್ಗೆ ಓದುತ್ತಾ ಹೋದಾಗ ನನ್ನನ್ನು ಕಾಡಿದ್ದು ರೋಗಕ್ಕಿಂತ ಹೆಚ್ಚಾಗಿ ಈ ಅರ್ಧ ಸೆಕೆಂಡು. ಬೇರೆಯವರ ಮೈಯ ಬಗ್ಗೆ ಏನನ್ನೋ ನಂಬಿಬಿಡುವ ಹಕ್ಕು ನಮಗೆ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ?

ಮೊದಲು ರೋಗದ ವಿಷಯ ಹೇಳಿಬಿಡುತ್ತೇನೆ. ಇದರಲ್ಲಿ ನಮಗೆ ಗೊತ್ತಿದೆ ಅಂದುಕೊಂಡಿರುವುದೇ ಜಾಸ್ತಿ.

ಡಾಕ್ಟರ ಚೀಟಿಯಲ್ಲಿ ಯುಟಿಐ ಅಂತ ಬರೆದಿರುವ ಈ ಸೋಂಕಿಗೆ ಬಹುಪಾಲು ಕಾರಣ ನಮ್ಮ ಕರುಳಿನಲ್ಲೇ ಇರುವ ಇ-ಕೋಲೈ ಎಂಬ ಬ್ಯಾಕ್ಟೀರಿಯಾ. ಅದು ಹೊರಗಿನಿಂದ ಮೂತ್ರದ ದಾರಿ ಹಿಡಿದು ಮೇಲೆ ಹತ್ತುತ್ತದೆ. ಹೆಣ್ಣುಮಕ್ಕಳಲ್ಲಿ ಆ ದಾರಿ ಗಿಡ್ಡ, ಹಾಗಾಗಿ ಅವರಿಗೆ ಹೆಚ್ಚು. ಏಳು ವರ್ಷ ತುಂಬುವುದರೊಳಗೆ ಹುಡುಗಿಯರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಹುಡುಗರಲ್ಲಿ ಸುಮಾರು 2 ಮಂದಿಗೆ ಒಮ್ಮೆಯಾದರೂ ಬಂದಿರುತ್ತದೆ ಅನ್ನುವುದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮಾತ್ರ ಗಂಡುಮಕ್ಕಳೂ ಇದರಲ್ಲಿ ಹಿಂದೆ ಬೀಳುವುದಿಲ್ಲ. ಸೋಂಕು ಮೂತ್ರಕೋಶದಲ್ಲೇ ನಿಂತರೆ ಉರಿ, ಪದೇ ಪದೇ ಹೋಗಬೇಕು ಅನಿಸುವುದು, ರಾತ್ರಿ ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರುಮಾಡುವುದು, ಇಷ್ಟರಲ್ಲಿ ಮುಗಿಯುತ್ತದೆ. ಅಲ್ಲಿಂದ ಮೇಲೇರಿ ಕಿಡ್ನಿ ಮುಟ್ಟಿದರೆ ಜ್ವರ, ಚಳಿ, ವಾಂತಿ, ಬೆನ್ನಿನ ಪಕ್ಕದ ನೋವು.

ಆದರೆ ಈ ಪಟ್ಟಿ ಮಾತು ಬರುವ ಮಕ್ಕಳದ್ದು. ಹತ್ತು ತಿಂಗಳ ಕೂಸಿಗೆ ‘ಉರಿ’ ಅನ್ನೋ ಶಬ್ದವೇ ಇಲ್ಲ. ಅದು ಹಾಲು ಬಿಡುತ್ತದೆ, ಕಾರಿಕೊಳ್ಳುತ್ತದೆ, ಸುಮ್ಮನೆ ಅಳುತ್ತದೆ, ಮೈ ಬಿಸಿಯಾಗುತ್ತದೆ. ನಾವು ಸಾಫ್ಟ್‌ವೇರಿನವರು ‘ಸೈಲೆಂಟ್ ಫೇಲ್ಯೂರ್’ ಅಂತೀವಲ್ಲ, ಸಿಸ್ಟಮ್ ಕೆಟ್ಟಿದೆ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ, ಅಂಥದ್ದೇ ಸ್ಥಿತಿ. ಎರಡು ವರ್ಷದೊಳಗಿನ ಮಗುವಿಗೆ ನೆಗಡಿ, ಕೆಮ್ಮು, ಭೇದಿ ಯಾವುದೂ ಇಲ್ಲದೆ ಬರೀ ಜ್ವರ ಬಂದರೆ, ಅಂಥ ನೂರು ಮಕ್ಕಳಲ್ಲಿ ಸುಮಾರು 7 ಮಕ್ಕಳ ಜ್ವರಕ್ಕೆ ಕಾರಣ ಮೂತ್ರದ ಸೋಂಕು.

ಇದರ ಅಪಾಯ ಎಷ್ಟು ಅಂತ ಹೇಳುವಾಗ ಹೆದರಿಸಲೂಬಾರದು, ಮುಚ್ಚಲೂಬಾರದು. ಹೆಚ್ಚಿನ ಮಕ್ಕಳು ಔಷಧಿ ತೆಗೆದುಕೊಂಡು ಪೂರ್ತಿ ಗುಣವಾಗುತ್ತಾರೆ. ಆದರೆ ಜ್ವರದ ಜೊತೆ ಸೋಂಕು ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ, ಮೂತ್ರಕೋಶದಿಂದ ಮೂತ್ರ ಮತ್ತೆ ಕಿಡ್ನಿಯ ಕಡೆಗೆ ಹಿಮ್ಮುಖವಾಗಿ ಹರಿಯುವ ತೊಂದರೆ ಇರುತ್ತದೆ. ಮೊದಲ ಸಲದ ಇಂಥ ಸೋಂಕಿನ ನಂತರ ನೂರರಲ್ಲಿ ಸುಮಾರು 15 ಮಕ್ಕಳ ಕಿಡ್ನಿಯಲ್ಲಿ ಗಾಯ ಮಾಸಿದ ಕಲೆ ಉಳಿಯುತ್ತದೆ. ಕಲೆ ದೊಡ್ಡದಿದ್ದರೆ, ಎರಡೂ ಕಡೆ ಇದ್ದರೆ, ಆ ಮಗು ನಮ್ಮ ವಯಸ್ಸಿಗೆ ಬರುವಾಗ ಬಿಪಿ ಏರಬಹುದು. ಕೆಲವೇ ಕೆಲವರಲ್ಲಿ ಕಿಡ್ನಿಯೇ ಸೋಲಬಹುದು. ಮುಖ್ಯವಾದ ಮಾತು ಏನೆಂದರೆ, ಚಿಕಿತ್ಸೆ ತಡವಾದಷ್ಟೂ ಕಲೆ ಉಳಿಯುವ ಸಂಭವ ಹೆಚ್ಚು. ಜ್ವರ ಶುರುವಾಗಿ ಎರಡು ದಿನ ದಾಟಿತೋ ಇಲ್ಲವೋ ಅನ್ನೋದಕ್ಕೆ ಇಲ್ಲಿ ಬೆಲೆಯಿದೆ.

ಆ ಎರಡು ದಿನ ನಾವು ಏನು ಮಾಡ್ತಾ ಇರ್ತೀವಿ? ನಂಬ್ತಾ ಇರ್ತೀವಿ. ಹಲ್ಲು ಬರ್ತಿರ್ಬೇಕು. ಉಷ್ಣ ಆಗಿರ್ಬೇಕು. ಮೊನ್ನೆ ಮದುವೆಮನೆಯಲ್ಲಿ ಎಲ್ಲರೂ ಎತ್ತಿಕೊಂಡರಲ್ಲ, ದೃಷ್ಟಿ ಆಗಿರ್ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದೇ ನಂಬಿಕೆಗೆ ‘ವೈರಲ್ ಇರಬೇಕು, ಎಲ್ಲ ಕಡೆ ಇದೆ’ ಅಂತ ಹೆಸರು. ವಾಟ್ಸಾಪ್ ಗುಂಪಿನಲ್ಲಿ ಇಬ್ಬರು ‘ನಮ್ಮ ಮಗೂಗೂ ಹೀಗೇ ಆಗಿತ್ತು’ ಅಂದರೆ ನಂಬಿಕೆ ಗಟ್ಟಿಯಾಯಿತು.

ವಿಲಿಯಂ ಕಿಂಗ್‌ಡನ್ ಕ್ಲಿಫರ್ಡ್ ಅಂತ ಒಬ್ಬ ಇಂಗ್ಲಿಷ್ ಗಣಿತಜ್ಞ ಇದ್ದ. ಅವನ ಹೆಸರಿನ ಬೀಜಗಣಿತ ಈಗಲೂ ಕಂಪ್ಯೂಟರ್ ಗ್ರಾಫಿಕ್ಸ್‌ನವರಿಗೆ ಉಪಯೋಗಕ್ಕೆ ಬರುತ್ತದೆ. 1877ರಲ್ಲಿ ಅವನು ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಬೇಕೇನೋ ಅನ್ನುವ ಅನುಮಾನ ಅವನಿಗಿದೆ. ಆದರೆ ರಿಪೇರಿಗೆ ಖರ್ಚು. ಇಷ್ಟು ಸಲ ಹೋಗಿ ಬಂದಿದೆಯಲ್ಲ, ಈ ಸಲವೂ ಬರುತ್ತದೆ, ದೇವರಿದ್ದಾನೆ ಅಂತ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಾನೆ. ಕೊನೆಗೆ ಅನುಮಾನ ಪೂರ್ತಿ ಹೋಗಿ, ನಿಜವಾಗಿಯೂ, ಮನಸಾರೆ, ಹಡಗು ಗಟ್ಟಿಯಿದೆ ಅಂತ ನಂಬಿಬಿಡುತ್ತಾನೆ. ವಲಸೆ ಹೊರಟ ಸಂಸಾರಗಳನ್ನೆಲ್ಲ ಹತ್ತಿಸಿ ಕಳಿಸುತ್ತಾನೆ. ಹಡಗು ನಡುಗಡಲಿನಲ್ಲಿ ಮುಳುಗುತ್ತದೆ. ಇವನಿಗೆ ವಿಮೆಯ ದುಡ್ಡು ಬರುತ್ತದೆ.

ಕ್ಲಿಫರ್ಡ್ ಕೇಳುವುದು: ಇವನು ಸುಳ್ಳು ಹೇಳಲಿಲ್ಲ, ಮೋಸ ಮಾಡಲಿಲ್ಲ, ಪ್ರಾಮಾಣಿಕವಾಗಿ ನಂಬಿದ್ದ. ಹಾಗಾದರೆ ತಪ್ಪಿತಸ್ಥನಾ? ಹೌದು ಅನ್ನುತ್ತಾನೆ. ಯಾಕೆಂದರೆ ಕೈಯಲ್ಲಿದ್ದ ಆಧಾರ ನೋಡಿದರೆ ಹಾಗೆ ನಂಬುವ ಹಕ್ಕೇ ಅವನಿಗೆ ಇರಲಿಲ್ಲ. ಆಮೇಲೆ ಕ್ಲಿಫರ್ಡ್ ಇನ್ನೂ ಗಟ್ಟಿಯಾದ ಒಂದು ಮಾತು ಹೇಳುತ್ತಾನೆ. ಹಡಗು ಮುಳುಗದೆ ಸುಖವಾಗಿ ದಡ ಸೇರಿದ್ದರೂ ಅವನ ತಪ್ಪು ಒಂದು ಚೂರೂ ಕಡಿಮೆ ಆಗುತ್ತಿರಲಿಲ್ಲ. ಸಿಕ್ಕಿಬೀಳುತ್ತಿರಲಿಲ್ಲ, ಅಷ್ಟೇ. ಅಂದಹಾಗೆ ಕ್ಲಿಫರ್ಡ್ 1870ರಲ್ಲಿ ಸೂರ್ಯಗ್ರಹಣ ನೋಡಲು ಹೋಗಿ, ಸಿಸಿಲಿಯ ಹತ್ತಿರ ಹಡಗು ಒಡೆದು, ಬದುಕಿ ಬಂದವನು.

ಭಟ್ಕಳ ಬಂದರಿನಲ್ಲೋ, ಹೊನ್ನಾವರದ ಕಾಸರಕೋಡ ಟೊಂಕದಲ್ಲೋ, ಕುಮಟಾ ತಾಲೂಕಿನ ತದಡಿಯಲ್ಲೋ ಈ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯುವ ಹಾಗಿಲ್ಲ. ಆ ಹೊತ್ತಿನಲ್ಲಿ ಬೋಟು ಮೇಲೆಳೆದು ಹಲಗೆ ಹಲಗೆ ತಟ್ಟಿ ನೋಡುತ್ತಾರೆ. ಹೋದ ವರ್ಷ ನೀರು ಬಂದಿರಲಿಲ್ಲ ಅಂತ ಈ ವರ್ಷ ತಟ್ಟುವುದನ್ನು ಬಿಡುವುದಿಲ್ಲ. ಕಡಲು ಯಾರ ನಂಬಿಕೆಯನ್ನೂ ಕೇಳುವುದಿಲ್ಲ ಅಂತ ಅವರಿಗೆ ಗೊತ್ತು. ಬೋಟಿನ ಒಳಗೆ ಕೂರುವವರು ತಮ್ಮ ಅಣ್ಣ ತಮ್ಮಂದಿರೇ ಅನ್ನುವುದೂ ಗೊತ್ತು.

ಈಗ ಜ್ವರದ ಮಗುವಿಗೆ ಬನ್ನಿ. ನೂರರಲ್ಲಿ 7ಕ್ಕೆ ಮೂತ್ರದ ಸೋಂಕು ಅಂದರೆ, ‘ಅದೇನಿಲ್ಲ, ವೈರಲ್ಲು’ ಅಂತ ನಂಬಿದ ಅಪ್ಪ ಅಮ್ಮ ಈ ಸೋಂಕಿನ ವಿಷಯದಲ್ಲಿ 93 ಸಲ ಬಚಾವಾಗುತ್ತಾರೆ. ಮೂರನೇ ದಿನ ಜ್ವರ ತಾನಾಗಿ ಇಳಿದರಂತೂ, ‘ನಾನು ಹೇಳಿರಲಿಲ್ವಾ’ ಅನ್ನೋಕೆ ಒಂದು ಅವಕಾಶವೂ ಸಿಗುತ್ತದೆ. ಕ್ಲಿಫರ್ಡ್ ಪ್ರಕಾರ ಆ 93 ಮನೆಗಳೂ ಹಳೆ ಹಡಗು ಕಳಿಸಿದವೇ.

ಇಲ್ಲಿ ನನಗೆ ಅವನ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೀಗೆ ಹೊರಟರೆ ಪ್ರತಿ ಸೀನಿಗೂ ಲ್ಯಾಬಿಗೆ ಓಡಬೇಕು. ಆರೋಗ್ಯವಾಗಿರುವ ಮಗುವಿಗೂ ಸೂಜಿ, ನಳಿಗೆ, ಭಯ. ಅದೂ ಒಂದು ಹಿಂಸೆಯೇ. ಕ್ಲಿಫರ್ಡ್‌ಗೆ ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಕೊಟ್ಟ ಉತ್ತರವೂ ಸುಮಾರು ಈ ಜಾಡಿನದು. ಬದುಕು ಎಷ್ಟೋ ಸಲ ಆಧಾರ ಸಿಗುವವರೆಗೆ ಕಾಯುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಏನನ್ನಾದರೂ ನಂಬಲೇಬೇಕು, ಸುಮ್ಮನಿರುವುದೂ ಒಂದು ಆಯ್ಕೆಯೇ ಆಗಿಬಿಡುತ್ತದೆ ಅಂತ ಅವನ ವಾದ. ರಾತ್ರಿ ಎರಡು ಗಂಟೆಗೆ ಮಗುವಿನ ಹಣೆ ಮುಟ್ಟಿ ಕೂತ ತಾಯಿಗೆ ಇದು ಅರ್ಥವಾಗುತ್ತದೆ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ನನಗೆ ತೋಚುವುದು ಇಷ್ಟು. ಎರಡು ತಪ್ಪುಗಳನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು, ಯಾವ ತಪ್ಪಿನ ಬೆಲೆಯನ್ನು ಯಾರು ಕೊಡುತ್ತಾರೆ ಅಂತ ನೋಡಬೇಕು. ‘ಸೋಂಕಿರಬಹುದು’ ಅಂತ ಅನುಮಾನಪಟ್ಟು, ಇಲ್ಲ ಅಂತಾದರೆ ಹೋಗುವುದು ನಮ್ಮ ಅರ್ಧ ದಿನದ ರಜೆ, ಕೆಲವು ನೂರು ರೂಪಾಯಿ, ಮಗುವಿಗೆ ಸ್ವಲ್ಪ ಕಿರಿಕಿರಿ. ‘ಸೋಂಕಿಲ್ಲ’ ಅಂತ ನಂಬಿ, ಇದೆ ಅಂತಾದರೆ ಹೋಗುವುದು ಮಗುವಿನ ಕಿಡ್ನಿಯ ಒಂದು ತುಂಡು. ಮೊದಲನೆಯದರ ಬೆಲೆ ಬಹುಮಟ್ಟಿಗೆ ನಮ್ಮ ಜೇಬಿನಿಂದ ಹೋಗುತ್ತದೆ, ಎರಡನೆಯದರದ್ದು ಪೂರ್ತಿ ಅವಳ ಮೈಯಿಂದ. ನನ್ನ ಮೈಯ ಬಗ್ಗೆ ನಾನು ಹೇಗಾದರೂ ಜೂಜಾಡಬಹುದು. ನನ್ನ ಬೆನ್ನುನೋವಿಗೆ ‘ಕುರ್ಚಿ ಸರಿಯಿಲ್ಲ’ ಅಂತ ಎರಡು ವರ್ಷ ನಂಬಿಕೊಂಡರೆ ನನ್ನ ಹಣೆಬರಹ. ಆದರೆ ಆಟ ನಮ್ಮದು, ಪಣಕ್ಕಿಟ್ಟದ್ದು ಮಾತು ಬಾರದ ಇನ್ನೊಬ್ಬರ ಮೈ ಅಂತಾದಾಗ, ಅನುಕೂಲದ ನಂಬಿಕೆಯನ್ನು ಪರೀಕ್ಷಿಸದೆ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ.

ಇದನ್ನು ಹೇಳಿ ಅಜ್ಜಿಯರನ್ನು ಕಟಕಟೆಗೆ ಹತ್ತಿಸುವ ಉದ್ದೇಶ ನನಗಿಲ್ಲ. ನಮ್ಮ ಕಡೆ ಮಕ್ಕಳಿಗೆ ಉರಿಮೂತ್ರ ಅಂದರೆ ಎಳನೀರು, ಬಾರ್ಲಿ ನೀರು, ಕೊತ್ತಂಬರಿ-ಜೀರಿಗೆ ಕುದಿಸಿದ ನೀರು, ಮುರುಗಲು ಹಣ್ಣಿನ ಪಾನಕ. ನೀರು ಹೆಚ್ಚು ಕುಡಿಸಿ, ಹೆಚ್ಚು ಸಲ ಹೊಯ್ಯಿಸುವುದರಿಂದ ಒಳ್ಳೆಯದೇ ಆಗುತ್ತದೆ. ಸೆಕೆಗಾಲದಲ್ಲಿ ನೀರು ಕಡಿಮೆಯಾಗಿ ಉರಿ ಬರುವುದೂ ಸುಳ್ಳಲ್ಲ. ಆದರೆ ಬಾರ್ಲಿ ನೀರಿಗೆ ಕಿಡ್ನಿಯಲ್ಲಿ ಕೂತ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಎಳನೀರು ಕೊಡುತ್ತಲೇ ಮೂತ್ರ ಪರೀಕ್ಷೆಯನ್ನೂ ಮಾಡಿಸಬಹುದು. ದೃಷ್ಟಿ ತೆಗೆದು ಉಪ್ಪು ಮೆಣಸನ್ನು ಒಲೆಗೆ ಹಾಕಿದ ಮೇಲೂ ಆಟೋ ಹತ್ತಬಹುದು. ಕಾರಣ ಗೊತ್ತಾಯಿತು ಅಂದುಕೊಂಡು ಹುಡುಕುವುದನ್ನು ನಿಲ್ಲಿಸಿದರೆ ಮಾತ್ರ ತೊಂದರೆ.

ಆಟೋ ಹತ್ತಬಹುದು ಅಂದೆ. ಎಲ್ಲಿಗೆ ಅನ್ನುವ ಪ್ರಶ್ನೆಯೂ ಇದೆ. ಮೂತ್ರ ಪರೀಕ್ಷೆಯಲ್ಲಿ ಎರಡು ಹಂತ. ಪಟ್ಟಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಬೇಗ ಆಗುತ್ತದೆ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಒಂದೆರಡು ದಿನ ಬೇಕು. ಹಿಡಿದ ಮೂತ್ರವನ್ನು ಹೊರಗಿಟ್ಟರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಬೆಳೆದು ಲೆಕ್ಕ ತಪ್ಪುತ್ತದೆ. ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿಡಬೇಕು. ಹಸುಗೂಸುಗಳಿಗೆ ಅಂಟಿಸುವ ಚೀಲದಲ್ಲಿ ಹಿಡಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿಕೊಂಡು ಮೋಸ ಮಾಡುತ್ತವೆ. ಶುಚಿಯಾಗಿ ನಡುಧಾರೆ ಹಿಡಿಯಬೇಕು, ಅಥವಾ ನಳಿಗೆ ಹಾಕಿ ತೆಗೆಯಬೇಕು. ಇದೆಲ್ಲ ಮಣಿಪಾಲದಲ್ಲಿ ಒಂದು ಮಾತು, ಹೊನ್ನಾವರದಿಂದ ಗುಡ್ಡ ಹತ್ತಿ ಹೋಗುವ ಹಳ್ಳಿಯಲ್ಲಿ ಇನ್ನೊಂದು ಮಾತು.

ನಮ್ಮ ಜಿಲ್ಲೆಯವರಿಗೆ ರಸ್ತೆ ಅಂದರೆ ಆಸ್ಪತ್ರೆಯ ಅರ್ಧ ಭಾಗ. ಕಾಯಿಲೆ ಸ್ವಲ್ಪ ಜಟಿಲ ಅಂತಾದರೆ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಇಲ್ಲಾ ಘಟ್ಟ ಹತ್ತಿ ಹುಬ್ಬಳ್ಳಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್, ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಪಲ್ಟಿಯಾಗಿ ನಾಲ್ವರು ಸತ್ತರು. ಅದರ ವಿಡಿಯೋ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಅದಕ್ಕೂ ಮೊದಲೇ ಇತ್ತು, ಆಮೇಲೆ ಜೋರಾಯಿತು. ನಾನಿದನ್ನು ಇಲ್ಲಿ ಎತ್ತಲು ಕಾರಣ, ‘ಯಾಕೆ ಮೊದಲೇ ಕರ್ಕೊಂಡು ಬರ್ಲಿಲ್ಲ?’ ಅಂತ ಹಳ್ಳಿಯ ತಾಯಿಯನ್ನು ಕೇಳುವ ಮೊದಲು ಅವಳಿಗೆ ಅನುಮಾನಪಡಲು ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಹಾಕಬೇಕು. ಬೆಂಗಳೂರಿನಲ್ಲಿ ಮನೆಗೇ ಬಂದು ಸ್ಯಾಂಪಲ್ ಒಯ್ಯುವ ಆ್ಯಪ್ ಇರುವ ನನಗೂ, ಮಳೆಗಾಲದಲ್ಲಿ ಕೂಲಿ ಬಿಟ್ಟು ಎರಡು ಬಸ್ಸು ಬದಲಿಸಬೇಕಾದ ಅವಳಿಗೂ ನಂಬಿಕೆಯ ಪರೀಕ್ಷೆ ಒಂದೇ ಬೆಲೆಗೆ ಸಿಗುವುದಿಲ್ಲ. ಅವಳು ಜೇಮ್ಸ್ ಹೇಳಿದ ಇಕ್ಕಟ್ಟಿನಲ್ಲಿದ್ದಾಳೆ. ಕ್ಲಿಫರ್ಡ್‌ನ ಹಡಗಿನ ಮಾಲೀಕ ಯಾರು ಅಂತ ಹುಡುಕಿದರೆ, ರಿಪೇರಿಯ ದುಡ್ಡು ಯಾರ ಕೈಯಲ್ಲಿದೆಯೋ ಅವರೇ.

ಈಗ ಕಿರುಬೆರಳೆತ್ತಿ ನಿಂತ ಹುಡುಗನ ಹತ್ತಿರ ಬರೋಣ. ಇವನಿಗೆ ಮಾತು ಬರುತ್ತದೆ, ಆದರೆ ಮಾತಿಗೆ ಬೆಲೆಯಿಲ್ಲ.

ಆರು ವರ್ಷದ ಮಗುವಿನ ಮೂತ್ರಕೋಶದಲ್ಲಿ ಎಷ್ಟು ಹಿಡಿಯುತ್ತದೆ ಅನ್ನಲು ಒಂದು ಅಂದಾಜಿನ ಸೂತ್ರವಿದೆ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ. 210 ಮಿಲಿಲೀಟರ್, ಒಂದು ಲೋಟ. ದಿನಕ್ಕೆ ನಾಲ್ಕರಿಂದ ಏಳು ಸಲ ಹೋಗುವುದು ಸಹಜ. ಮೂತ್ರವನ್ನು ತಡೆದು ತಡೆದು ಇಡುವ ಮಕ್ಕಳಲ್ಲಿ ಸೋಂಕು ಹೆಚ್ಚು ಅನ್ನುವುದು ಮಕ್ಕಳ ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಮೂತ್ರ ಹರಿಯುತ್ತಿದ್ದರೆ ಬ್ಯಾಕ್ಟೀರಿಯಾ ಕೊಚ್ಚಿಕೊಂಡು ಹೋಗುತ್ತದೆ, ನಿಂತರೆ ಸಂಸಾರ ಹೂಡುತ್ತದೆ. ಮಲಬದ್ಧತೆ ಇದ್ದರಂತೂ ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ, ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ಅಂದರೆ ಶಾಲೆಯಲ್ಲಿ ಎರಡಕ್ಕೆ ಹೋಗಲು ಹೇಸಿ ತಡೆದುಕೊಳ್ಳುವ ಮಗುವಿಗೆ ಒಂದರ ತೊಂದರೆಯೂ ಶುರುವಾಗುತ್ತದೆ.

ನಾನು ಓದಿದ ಶಾಲೆಯಲ್ಲಿ ಗಂಡುಹುಡುಗರಿಗೆ ಹಿಂದಿನ ಗೇರು ಹಕ್ಕಲೇ ಮೂತ್ರಾಲಯ. ಹುಡುಗಿಯರಿಗೆ ಬಾಗಿಲಿಗೆ ಚಿಲಕವಿಲ್ಲದ ಒಂದು ಕೋಣೆ. ನೀರನ್ನು ಬಾವಿಯಿಂದ ಹೊತ್ತು ತರಬೇಕು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಹೆಚ್ಚಿನವರು ಬೆಳಿಗ್ಗೆ ಮನೆಯಲ್ಲಿ ಹೋಗಿ ಬಂದರೆ ಮತ್ತೆ ಸಂಜೆ ಮನೆಯಲ್ಲೇ. ನೀರನ್ನೂ ಕುಡಿಯುತ್ತಿರಲಿಲ್ಲ. ಅದಕ್ಕೆ ಅವರನ್ನು ‘ಶಿಸ್ತಿನ ಹುಡುಗಿಯರು’ ಅಂತ ಕರೆಯುತ್ತಿದ್ದರು. ಒಂದಕ್ಕೆ ಹೋಗ್ಲಾ ಅಂತ ಪೀಡಿಸುತ್ತಿದ್ದವರು ಹುಡುಗರೇ. ಹುಡುಗಿಯರು ಕೇಳುತ್ತಿರಲಿಲ್ಲವಾದ್ದರಿಂದ ಅವರಿಗೆ ಬರುವುದಿಲ್ಲ ಅಂತ ಎಲ್ಲರ ನಂಬಿಕೆ.

ಕಾನೂನಿನಲ್ಲಿ ಕೊರತೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ ಇರಬೇಕು ಅಂತ ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ಕೊಟ್ಟಿತ್ತು. 2014ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಒಂದು ವರ್ಷದ ಗುರಿ ಘೋಷಣೆಯಾಯಿತು, ದೇಶದಾದ್ಯಂತ ಶೌಚಾಲಯಗಳು ಎದ್ದವು. ಕೇಂದ್ರದ ಸಾರ್ವಜನಿಕ ವಲಯದ ಕಂಪನಿಗಳು ಕಟ್ಟಿಸಿದ ಶಾಲಾ ಶೌಚಾಲಯಗಳನ್ನು ಸಿಎಜಿ ಪರಿಶೀಲಿಸಿ 2020ರಲ್ಲಿ ವರದಿ ಕೊಟ್ಟಿತು. ನೋಡಿದವುಗಳ ಪೈಕಿ ಕಟ್ಟಿ ಮುಗಿಸಿದ್ದ ಶೌಚಾಲಯಗಳಲ್ಲಿ ನೂರಕ್ಕೆ 72ರಲ್ಲಿ ಒಳಗೆ ನಲ್ಲಿ ನೀರಿರಲಿಲ್ಲ. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮ ರಾಜ್ಯದಲ್ಲೂ ‘ವಾಟರ್ ಬೆಲ್’ ಹೊಡೆಸುವ ನಿರ್ಧಾರವಾಯಿತು. ಗಂಟೆ ಹೊಡೆದಾಗ ಮಕ್ಕಳು ನೀರು ಕುಡಿಯಬೇಕು. ಒಳ್ಳೆಯ ಯೋಚನೆ. ಆದರೆ ಕುಡಿದ ನೀರು ಒಂದೆರಡು ಗಂಟೆಯಲ್ಲಿ ಇನ್ನೊಂದು ಗಂಟೆ ಹೊಡೆಯುತ್ತದಲ್ಲ, ಅದನ್ನು ಕೇಳಿಸಿಕೊಳ್ಳುವವರು ಬೇಕು.

ಅಕ್ಕೋರ ಪರವಾಗಿ ಹೇಳಬೇಕಾದ್ದೂ ಇದೆ. ಒಂದು ಕೋಣೆ, ನಲವತ್ತು ಮಕ್ಕಳು, ಕೆಲವು ಕಡೆ ಎರಡು ಮೂರು ತರಗತಿ ಒಟ್ಟಿಗೆ. ಒಬ್ಬ ಎದ್ದರೆ ಹತ್ತು ಬೆರಳು ಮೇಲೇಳುತ್ತವೆ. ಹತ್ತರಲ್ಲಿ ಆರೋ ಏಳೋ ನಿಜವಾಗಿಯೂ ನೆಪವೇ. ಹೊರಗೆ ಹೋದ ಮಗು ಬಾವಿ ಕಡೆಗೋ ರಸ್ತೆಗೋ ಹೋದರೆ ನಾಳೆ ಪೇಪರಿನಲ್ಲಿ ಬರುವುದು ಅವರ ಹೆಸರು. ಅವರ ಅನುಮಾನಕ್ಕೆ ಆಧಾರ ಇಲ್ಲ ಅನ್ನೋ ಹಾಗಿಲ್ಲ. ಆದರೂ ಅದೇ ತಕ್ಕಡಿ ತೆಗೆದುಕೊಳ್ಳಿ. ನೆಪ ಹೇಳಿದವನನ್ನು ಬಿಟ್ಟರೆ ಹೋಗುವುದು ಐದು ನಿಮಿಷದ ಪಾಠ. ನಿಜ ಹೇಳಿದವನನ್ನು ಕೂರಿಸಿದರೆ, ಅವನು ಚಡ್ಡಿ ಒದ್ದೆ ಮಾಡಿಕೊಂಡು ಇಡೀ ವರ್ಷ ಅಡ್ಡಹೆಸರು ಹೊರಬೇಕು, ಇಲ್ಲವಾದರೆ ತಡೆಯುವುದನ್ನು ಕಲಿಯಬೇಕು. ಒಮ್ಮೆ ಮೈ ಹೇಳಿದ್ದನ್ನು ಸುಮ್ಮನಾಗಿಸಲು ಕಲಿತ ಮಗು ಆಮೇಲೆ ನೋವಾದರೂ ಹೇಳುವುದಿಲ್ಲ. ಹತ್ತರಲ್ಲಿ ಒಂಬತ್ತು ನೆಪವಾದರೂ ಲೆಕ್ಕ ಬದಲಾಗುವುದಿಲ್ಲ.

ನಾನು ಆಫೀಸಿನಲ್ಲಿ ಒಂದಕ್ಕೆ ಹೋಗಲು ಯಾರನ್ನೂ ಕೇಳುವುದಿಲ್ಲ. ಮೀಟಿಂಗಿನ ನಡುವೆ ಎದ್ದು, ‘ಎರಡು ನಿಮಿಷ’ ಅಂದರೆ ಮುಗಿಯಿತು. ‘ನಿಜವಾಗ್ಲೂ ಬಂದಿದೆಯಾ?’ ಅಂತ ಮ್ಯಾನೇಜರ್ ಕೇಳಿದರೆ ಎಚ್‌ಆರ್‌ಗೆ ಮೇಲ್ ಹೋಗುತ್ತದೆ. ನನ್ನ ಮೂತ್ರಕೋಶ ಆರು ವರ್ಷದವನದ್ದಕ್ಕಿಂತ ಎಷ್ಟೋ ದೊಡ್ಡದು, ತಡೆಯುವ ಶಕ್ತಿಯೂ ಹೆಚ್ಚು. ಹೆಚ್ಚು ತಡೆಯಬಲ್ಲವನಿಗೆ ಅನುಮತಿ ಬೇಡ, ಕಡಿಮೆ ತಡೆಯಬಲ್ಲವನಿಗೆ ಬೇಕು. ಸಣ್ಣ ತರಗತಿಗಳಲ್ಲಾದರೂ ‘ಹೋಗ್ಲಾ?’ ಅನ್ನುವ ಪ್ರಶ್ನೆ ತೆಗೆದು, ‘ಹೋಗಿ ಬರ್ತೇನೆ’ ಅಂತ ಹೇಳಿ ಎದ್ದುಹೋಗುವುದು ರೂಢಿಯಾಗಬೇಕು. ಒಬ್ಬರು ವಾಪಸ್ ಬಂದ ಮೇಲೆ ಇನ್ನೊಬ್ಬರು ಅಂತ ನಿಯಮ ಇಟ್ಟುಕೊಳ್ಳಲಿ, ತಪ್ಪಿಲ್ಲ. ಅಕ್ಕೋರಿಗೆ ಗೊತ್ತಿರಬೇಕು, ಅದು ಸುರಕ್ಷತೆಯ ಮಾತು.

ತಪ್ಪು ನಂಬಿಕೆ ಇನ್ನೊಂದು ತುದಿಯಲ್ಲೂ ಇದೆ. ‘ಯಾಕೆ ರಿಸ್ಕು, ಒಂದು ಆಂಟಿಬಯೋಟಿಕ್ ಹಾಕಿಬಿಡೋಣ’ ಅನ್ನುವುದು. ಹೋದ ಸಲ ಉಳಿದ ಸಿರಪ್ಪು ಫ್ರಿಜ್ಜಿನಲ್ಲಿದೆ, ಎರಡು ಡೋಸ್ ಕೊಟ್ಟರೆ ಜ್ವರ ಇಳಿಯುತ್ತದೆ. ಇದು ಎಚ್ಚರಿಕೆಯ ಹಾಗೆ ಕಾಣುತ್ತದೆ, ಆದರೆ ಇಲ್ಲೂ ಯಾರೂ ಹಲಗೆ ತಟ್ಟಿ ನೋಡಿಲ್ಲ. ಸ್ಯಾಂಪಲ್ ತೆಗೆಯುವ ಮೊದಲೇ ಆಂಟಿಬಯೋಟಿಕ್ ಕೊಟ್ಟರೆ ಕಲ್ಚರಿನಲ್ಲಿ ಏನೂ ಬೆಳೆಯದೆ, ಸೋಂಕಿತ್ತಾ ಇಲ್ಲವಾ ಅಂತ ಆಮೇಲೆ ತಿಳಿಯಲು ಕಷ್ಟ. ಅರ್ಧ ಕೋರ್ಸಿಗೆ ನಿಲ್ಲಿಸಿದರೆ ಸೋಂಕು ಪೂರ್ತಿ ಹೋಗದೆ ಉಳಿಯಬಹುದು. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ, ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ ಅಂತ ಎಚ್ಚರಿಸಿದ್ದ. ನಮ್ಮಲ್ಲಿ ಮಕ್ಕಳಿಗೆ ಈ ಸೋಂಕಿಗೆ ಹೆಚ್ಚಾಗಿ ಬರೆಯುವ ಸೆಫಿಕ್ಸಿಮ್, 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್‌1 ಪಟ್ಟಿಯಲ್ಲಿದೆ. ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಔಷಧಿ ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಈ ತಪ್ಪಿನ ಬೆಲೆ ಕೊಡುವವರು ಇನ್ನೂ ದೂರದವರು. ಮುಂದಿನ ವರ್ಷ ಮುರ್ಡೇಶ್ವರದಲ್ಲೋ ಮಿರ್ಜಾನದಲ್ಲೋ ಯಾವುದೋ ಕೂಸಿಗೆ ಅದೇ ಔಷಧಿ ಕೆಲಸ ಮಾಡುವುದಿಲ್ಲ. ಆ ತಾಯಿ ನಮ್ಮ ಹೆಸರೂ ಕೇಳಿರುವುದಿಲ್ಲ.

ಊರಿಗೆ ಹೊರಡುವ ರಾತ್ರಿ ಬಸ್ಸುಗಳನ್ನು ನೆನೆಸಿಕೊಳ್ಳಿ. ಬೆಂಗಳೂರಿನಿಂದ ಭಟ್ಕಳ, ಹೊನ್ನಾವರ, ಕುಮಟಾ ಅಂದರೆ ರಾತ್ರಿಯಿಡೀ ಪ್ರಯಾಣ. ಸಂಜೆಯಿಂದಲೇ ಮಕ್ಕಳಿಗೆ ಶುರು: “ಈಗ ನೀರು ಕುಡೀಬೇಡ, ಬಸ್ಸಲ್ಲಿ ಬಂದ್ರೆ ಕಷ್ಟ.” ಡ್ರೈವರ್ ಒಂದೇ ಕಡೆ ನಿಲ್ಲಿಸುತ್ತಾನೆ. ಅಲ್ಲಿಯ ಶೌಚಾಲಯ ನೋಡಿ ಹೆಣ್ಣುಮಕ್ಕಳು ಹಾಗೇ ವಾಪಸ್ ಬರುತ್ತಾರೆ. ‘ಬೆಳಿಗ್ಗೆ ಮನೆಗೇ ಹೋಗೋಣ’ ಅಂತೀವಿ, ನಮ್ಮ ಮಗಳು ತಡೆದುಕೊಂಡರೆ ‘ಜಾಣೆ’ ಅಂತ ಹೊಗಳುತ್ತೀವಿ. ಬಸ್ಸು ನಿಲ್ಲಿಸಿ ಅಂತ ಕೇಳಲು ನಮಗೇ ನಾಚಿಕೆ. ನಮ್ಮ ನಾಚಿಕೆ ಉಳಿಸಲು ಕೆಲಸ ಮಾಡುತ್ತಿರುವುದು ಅವಳ ಮೂತ್ರಕೋಶ.

ಹಾಗಾಗಿ ಮಾಡಬೇಕಾದ್ದು ದೊಡ್ಡ ತತ್ವಜ್ಞಾನವೇನಲ್ಲ. ಕಾರಣವಿಲ್ಲದ ಜ್ವರ ಬಂದ ಸಣ್ಣ ಮಗುವನ್ನು ಡಾಕ್ಟರಿಗೆ ತೋರಿಸಿದಾಗ, “ಮೂತ್ರ ಪರೀಕ್ಷೆ ಬೇಕಾ ಡಾಕ್ಟ್ರೇ?” ಅಂತ ಒಂದು ಮಾತು ಕೇಳಿ. ಬೇಡ ಅಂದರೆ ಯಾಕೆ ಅಂತಲೂ ಕೇಳಿ. ಆಂಟಿಬಯೋಟಿಕ್ ಶುರುವಾಗುವ ಮೊದಲೇ ಸ್ಯಾಂಪಲ್ ಕೊಡಿ, ಶುರುಮಾಡಿದ್ದನ್ನು ಡಾಕ್ಟರು ಹೇಳಿದಷ್ಟು ದಿನ ಮುಗಿಸಿ. ಮಗುವಿಗೆ ಅದರ ಮೈಯ ಭಾಗಗಳ ಹೆಸರು ಕಲಿಸಿ. ‘ಅಲ್ಲಿ ಏನೋ ಆಗ್ತಿದೆ’ ಅನ್ನೋದಕ್ಕಿಂತ ‘ಉಚ್ಚೆ ಹೊಯ್ಯುವಾಗ ಉರಿ’ ಅನ್ನುವ ಮಗುವನ್ನು ಬೇಗ ಗುಣ ಮಾಡಬಹುದು. ಊರಿನಲ್ಲಿರುವ ಅಣ್ಣನಿಗೋ ಅತ್ತಿಗೆಗೋ ಫೋನಿನಲ್ಲಿ ಬುದ್ಧಿ ಹೇಳುವ ಬದಲು ಕುಮಟಾಕ್ಕೆ ಹೋಗಿಬರಲು ಗಾಡಿಯ ದುಡ್ಡು ಕಳಿಸಿ.

ಇನ್ನೊಂದು. ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಅಂತ ಕರೆದಾಗ ನಾವು ಮಾರ್ಕ್ಸ್ ಕಾರ್ಡಿನ ಮೇಲೆ ಅರ್ಧ ಗಂಟೆ ಮಾತಾಡಿ ಬರುತ್ತೀವಿ. ಮುಂದಿನ ಸಲ ಹತ್ತು ನಿಮಿಷ ಮೊದಲೇ ಹೋಗಿ, ಮಕ್ಕಳ ಶೌಚಾಲಯ ಎಲ್ಲಿದೆ ಅಂತ ಕೇಳಿ. ಒಳಗೆ ಹೋಗಿ ಚಿಲಕ ಹಾಕಿ ನೋಡಿ, ನಲ್ಲಿ ತಿರುಗಿಸಿ ನೋಡಿ. ಆಮೇಲೆ ಬಂದು ಅಕ್ಕೋರ ಹತ್ತಿರ ಮಗು ಎಷ್ಟು ಸಲ ಹೋಗುತ್ತದೆ ಅಂತ ವಿಚಾರಿಸಿ. ಗೊತ್ತಿಲ್ಲ ಅಂದರೆ ಮೀಟಿಂಗನ್ನು ಅಲ್ಲಿಂದಲೇ ಶುರುಮಾಡಿ.